ಎಲೆ ಹಾಕದ ಗೂಡು

ಜೂನ್ 3, ಸೋಮವಾರ

ಗಲ್ಫಿನಿಂದ ಬಂದವರ ಮನೆಗೆ ಕುಂಬ್ರದ ಹೆಂಗಸರು ಬಂದೇ ಬರುತ್ತಾರೆ. ಏನು ತಂದಿದ್ದಾರೆ ಎಂದು ನೋಡದಿದ್ದರೆ ಅವರಿಗೆ ಉಂಡದ್ದು ಅರಗುವುದಿಲ್ಲ. ಸೆಂಟು, ಕಂಬಳಿ, ಬಾದಾಮಿ, ಚಾಕಲೇಟು ಎಂದು ಅವರ ಅಂದಾಜು. ನನ್ನ ಗಂಡ ಹದಿನಾಲ್ಕು ವರ್ಷ ಸೌದಿಯಲ್ಲಿ ದುಡಿದು, ಇನ್ನು ಊರಲ್ಲೇ ಇರುತ್ತೇನೆಂದು ಬಂದವರು, ಎರಡು ಪೆಟ್ಟಿಗೆ ಒಣಗಿದ ಎಲೆ ತಂದಿದ್ದಾರೆ.

ಇವತ್ತು ಪಕ್ಕದ ಮನೆಯ ಐಸಮ್ಮ ಪೆಟ್ಟಿಗೆಗೆ ಕೈ ಹಾಕಿ ಒಂದು ಎಲೆ ಎತ್ತಿ ಮೂಸಿದಳು.

"ಏ ಮಿಸ್ರಿಯಾ, ಎಂತ ಇದು, ಚಾಯಕ್ಕೆ ಹಾಕುದಾ?"

"ಅಲ್ಲ, ಕೋಳಿಗೆ."

ಅವಳು ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡಳು. ನಾಳೆ ಮಧ್ಯಾಹ್ನದೊಳಗೆ ಈ ಸುದ್ದಿ ಪುತ್ತೂರು ಮುಟ್ಟುತ್ತದೆ.

ಇವರು ದುಡಿದದ್ದು ಆಲಿವ್ ತೋಟದಲ್ಲಿ. ಎಲೆ ಅಲ್ಲಿಯದು. ಮಾಮಿ, ಅಂದರೆ ನನ್ನ ಅತ್ತೆ, ಇವರ ಉಮ್ಮ ಪಾತುಮ್ಮ, ಅದನ್ನು ಝೈತೂನ್ ಎನ್ನುತ್ತಾರೆ. ಖುರ್‌ಆನಿನಲ್ಲಿ ಹೆಸರು ಬಂದ ಮರವೆಂದು ಒಂದು ಎಲೆಯನ್ನು ಕಣ್ಣಿಗೆ ಒತ್ತಿಕೊಂಡರು. ಇವರು ನನ್ನ ಬಾಯಿಗೂ ಒಂದು ತುರುಕಿ, "ಜಗಿದು ನೋಡು. ಆ ಕಹಿಯಲ್ಲೇ ಮದ್ದು ಇರುದು" ಎಂದರು. ನಾನು ಅಂಗಳಕ್ಕೆ ಉಗುಳಿದೆ. ಕಹಿಯೇ ಬೇಕಾಗಿದ್ದರೆ ಮನೆಯಲ್ಲೇ ಇತ್ತು, ವಿಮಾನದಲ್ಲಿ ಹೊತ್ತು ತರುವ ಅಗತ್ಯವಿರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ. ನಾವು ಮನೆಯಲ್ಲಿ ಆಡುವುದು ಬ್ಯಾರಿ, ನಾನು ಶಾಲೆಯಲ್ಲಿ ಕಲಿತದ್ದು ಕನ್ನಡ. ಮಾಮಿಗೆ ಅಕ್ಷರ ಬಾರದು. ಇವರು ಮೊಬೈಲ್ ಬಿಟ್ಟು ಬೇರೇನೂ ಓದುವವರಲ್ಲ. ಹಾಗಾಗಿ ಇಲ್ಲಿ ಎಷ್ಟು ಬೈದರೂ ಕೇಳುವವರಿಲ್ಲ.

ಜೂನ್ 9, ಭಾನುವಾರ

ಕೋಳಿಗಳು ನನ್ನವು. ಇದನ್ನು ಒಮ್ಮೆ ಬರೆದಿಡಬೇಕು.

ಮದುವೆಯಾಗಿ ಬಂದಾಗ ಹಿತ್ತಲಲ್ಲಿ ಮಾಮಿಯ ಎರಡು ಮುದಿ ಹೇಂಟೆಗಳಿದ್ದವು. ಇವರು ವಿಮಾನ ಹತ್ತಿದ ಮೇಲೆ ನನಗೆ ಮಾತನಾಡಲು ಅವೇ ಇದ್ದದ್ದು. ಕಾವಿಗೆ ಕೂರಿಸುವುದು, ಮರಿ ಎಬ್ಬಿಸುವುದು, ಮುಂಗುಸಿ ಬಾರದ ಹಾಗೆ ಬಲೆ ಕಟ್ಟುವುದು, ಎಲ್ಲ ಬಿದ್ದು ಎದ್ದು ಕಲಿತದ್ದು. ಈಗ ಪುತ್ತೂರಿನಿಂದ ಊರಕೋಳಿ ಬೇಕೆಂದು ಜನ ನನ್ನ ಹೆಸರು ಹೇಳಿಕೊಂಡು ಬರುತ್ತಾರೆ. ಮಕ್ಕಳಾಗಲಿಲ್ಲವಾ ಎಂದು ಕೇಳುವವರೂ ಅವರೇ. ಎರಡು ವರ್ಷಕ್ಕೊಮ್ಮೆ ನೆಂಟರ ಹಾಗೆ ಬಂದು ಹೋಗುವ ಗಂಡನಿಂದ ಏನೇನೆಲ್ಲ ಆಗಬೇಕು?

ಇವರು ಬಂದು ಹತ್ತು ದಿನವಾಗಲಿಲ್ಲ. ನೀರಿನ ಪಾತ್ರೆ ಇದ್ದಲ್ಲಿ ಇಲ್ಲ. ಮೊಟ್ಟೆಯ ಬುಟ್ಟಿ ಇದ್ದಲ್ಲಿ ಇಲ್ಲ. ಕೊಟ್ಟಿಗೆಯ ಕಂಬಕ್ಕೆ ತಾಪ ಅಳೆಯುವ ಕೋಲು ಕಟ್ಟಿದ್ದಾರೆ. ಬಂದವರಿಗೆಲ್ಲ ಒಂದೇ ಕಥೆ: ಇವರ ಲೇಬರ್ ಕ್ಯಾಂಪಿನ ಹಿಂದೆ ಈಜಿಪ್ಟಿನವರು ಕೋಳಿ ಸಾಕಿದ್ದರಂತೆ, ಕತ್ತರಿಸಿ ಬಿಸಾಡಿದ ಆಲಿವ್ ಗೆಲ್ಲುಗಳ ಎಲೆ ತಿಂದೇ ಅವು ಬೆಳೆದವಂತೆ, ಹೊಟ್ಟೆಯ ಕಾಯಿಲೆ ಎಂಬುದೇ ಇರಲಿಲ್ಲವಂತೆ, ಮೊಟ್ಟೆಯ ಹಳದಿ ಕೇಸರಿಯ ಬಣ್ಣವಂತೆ. ಆಂಟಿಬಯೋಟಿಕ್ ಇಲ್ಲದ ಕೋಳಿಗೆ ಈಗ ಎಲ್ಲ ಕಡೆ ಬೇಡಿಕೆ, ಎಲೆ ಮುಗಿದರೆ ಊರಿಗೆ ಬರುವವರ ಕೈಯಲ್ಲಿ ತರಿಸಬಹುದು, ಎಲೆಯ ಸಾರವೂ ಬಾಟಲಿಯಲ್ಲಿ ಸಿಗುತ್ತದೆ, ಹೀಗೆ ಮಾತು ಮುಗಿಯುವುದೇ ಇಲ್ಲ. ಕೇಳಿ ಕೇಳಿ ನನ್ನ ಕೋಳಿಗಳಿಗೂ ಬಾಯಿಪಾಠ ಆಗಿರಬೇಕು.

ಜೂನ್ 18, ಮಂಗಳವಾರ

ನಿನ್ನೆ ಬಕ್ರೀದ್. ಇವತ್ತು ಸಂಪಾಜೆಯಿಂದ ದೇರಣ್ಣ ಗೌಡರು ಬಂದರು. ಮಡಿಕೇರಿ ರಸ್ತೆಯಲ್ಲಿ ಅವರದೊಂದು ಊಟದ ಹೋಟೆಲಿದೆ. ಘಾಟಿ ಹತ್ತುವವರು ಇಳಿಯುವವರು ಊರಕೋಳಿ ಸಾರು ಉಣ್ಣಲು ಅಲ್ಲಿ ನಿಲ್ಲುತ್ತಾರೆ. ಇವರು ಎಲೆಯ ಕಥೆ ಶುರು ಮಾಡಿದರು. ಗೌಡರು ಕೊನೆಯವರೆಗೂ ಕೇಳಿದರು, ಅವರ ತಾಳ್ಮೆ ದೊಡ್ಡದು.

"ನೋಡಿ ಅಸ್ಕರ್, ಮದ್ದು ಹಾಕದ ಕೋಳಿ ಅಂತ ಬೋರ್ಡು ಹಾಕ್ಲಿಕ್ಕೆ ನಂಗೂ ಆಸೆ ಉಂಟು. ಆದ್ರೆ ಬರೀ ಬಾಯಿಮಾತಲ್ಲಿ ಆಗುದಿಲ್ಲ ಮಾರಾಯ್ರೆ. ಒಂದೇ ಪ್ರಾಯದ ಮರಿಗಳನ್ನು ಎರಡು ಗೂಡು ಮಾಡಿ. ಒಂದಕ್ಕೆ ಎಲೆ ಕೊಡಿ, ಇನ್ನೊಂದಕ್ಕೆ ಬೇಡ. ಮಳೆಗಾಲ ಅರ್ಧ ಕಳೀಲಿ. ನಾನೇ ಬಂದು ಕೈಯಲ್ಲಿ ಹಿಡ್ದು ನೋಡ್ತೇನೆ. ವ್ಯತ್ಯಾಸ ಕಂಡ್ರೆ ವಾರ ವಾರ ನಿಮ್ಮದೇ ಕೋಳಿ."

"ಕಾಣದಿದ್ರೆ?"

"ಕಾಣದಿದ್ರೆ ಸುಳ್ಯದಲ್ಲಿ ಕೋಳಿಗೆ ಬರವಾ?"

ಅವರು ಹೋದ ಮೇಲೆ ಇವರು ಊಟಕ್ಕೆ ಕೂತು ಹೇಳಿದರು. ತೋಟದ ಮುದೀರ್, ಅಂದರೆ ಅಲ್ಲಿಯ ಮೇಲ್ವಿಚಾರಕ, ಫೋನ್ ಮಾಡಿದ್ದನಂತೆ. ಸಪ್ಟೆಂಬರಿನ ಕೊಯ್ಲಿನವರೆಗೆ ಇವರ ಜಾಗ ಖಾಲಿ ಇಟ್ಟಿರುತ್ತಾನಂತೆ. "ಗೌಡ್ರು ಒಪ್ಪಿದ್ರೆ ಇಲ್ಲೇ ಇರ್ತೇನೆ. ಇಲ್ಲದಿದ್ರೆ ಹೋಗುದು." ಪುತ್ತೂರಿಗೆ ಬಸ್ಸಿಗೆ ಹೋಗುವವರ ಹಾಗೆ ಹೇಳಿದರು. ಮಾಮಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದರು. ನಾನು ಸಾರು ಬಡಿಸಿದೆ.

ಹೋಗಲಿ. ಹೋದರೆ ನೀರಿನ ಪಾತ್ರೆಯನ್ನು ಇದ್ದಲ್ಲಿಗೇ ತಂದಿಡುತ್ತೇನೆ.

ಜುಲೈ 5, ಶುಕ್ರವಾರ

ಗೂಡುಗಳಾದವು. ಬಲಗಡೆಯದು ಎಲೆ ಹಾಕುವ ಗೂಡು, ಎಡಗಡೆಯದು ಹಾಕದ ಗೂಡು. ನಡುವೆ ಒಂದು ಹಲಗೆ ಗೋಡೆ. ಒಂದೇ ದಿನ ಮೊಟ್ಟೆಯೊಡೆದ ಮರಿಗಳನ್ನು ಎರಡಕ್ಕೂ ಹಂಚಿದ್ದಾಯಿತು. ಹಂಚುವಾಗ ಇವರು ಕಣ್ಣು ಮುಚ್ಚಿಕೊಂಡು ಎತ್ತಿದರು, ಚೆಂದದ ಮರಿ ಬಲಕ್ಕೆ ಹೋಗಬಾರದೆಂದು.

ಪುತ್ತೂರಿನ ಪಶುವೈದ್ಯೆ ಡಾಕ್ಟರ್ ಸುಪ್ರಿತಾರನ್ನು ಕೇಳಿ ಬಂದೆವು. ಅವರು ನಗಾಡಲಿಲ್ಲ. ಹೊರದೇಶಗಳಲ್ಲಿ ಈ ಎಲೆ, ಈ ಸಾರ ಕೊಟ್ಟು ನೋಡಿದ್ದಾರೆ, ಕರುಳಿಗೆ ಒಳ್ಳೆಯದೆಂದೂ ತೂಕ ಬರುತ್ತದೆಂದೂ ಕೆಲವರು ಹೇಳಿದ್ದಾರೆ, ಏನೂ ಆಗಲಿಲ್ಲ ಎಂದವರೂ ಇದ್ದಾರೆ ಎಂದರು. "ಹುಡಿ ಮಾಡಿ ಒಂದು ಚಿಟಿಕೆಯಷ್ಟೇ ಬೆರೆಸಿ. ಹೆಚ್ಚಾದ್ರೆ ಕಹಿಗೆ ತಿನ್ನುದೇ ಬಿಡ್ತವೆ. ಮತ್ತೆ ಇದು ರೋಗ ಬಂದ ಮೇಲೆ ಕೊಡುವ ಮದ್ದು ಅಂತ ತಿಳ್ಕೊಳ್ಬೇಡಿ. ರಕ್ತಭೇದಿ ಕಂಡ್ರೆ ಓಡಿ ಬನ್ನಿ." ಇವರು ತಲೆಯಾಡಿಸಿದರು. ಬಸ್ಸಿನಲ್ಲಿ ನನ್ನ ಹತ್ತಿರ ಹೇಳಿದ್ದು ಬೇರೆ: "ಮದ್ದು ಕೊಟ್ರೆ ಗೌಡ್ರಿಗೆ ಎಂತ ತೋರ್ಸುದು?"

ಇಷ್ಟೆಲ್ಲ ಮಾಡಿದವರು ಎರಡು ಗೂಡಿಗೂ ತಿನ್ನಲು ಹಾಕುವ ಕೆಲಸವನ್ನು ನನಗೆ ಕೊಟ್ಟರು. ಏಕೆಂದು ಕೇಳಿದೆ.

"ನನ್ನ ಕೈಯನ್ನು ನಾನೇ ನಂಬುದಿಲ್ಲ. ಬಲದ ಗೂಡಿಗೆ ಒಂದು ಮುಷ್ಟಿ ಹೆಚ್ಚು ಹೋದೀತು. ನಿನಗಾದ್ರೆ ಎಲೆಯ ಮೇಲೂ ಪ್ರೀತಿ ಇಲ್ಲ, ನನ್ನ ಮೇಲೂ ಇಲ್ಲ. ನೀನೇ ಸರಿ."

ನಗುತ್ತಲೇ ಹೇಳಿದರು. ನಾನೂ ನಕ್ಕೆ. ಇಡೀ ದಿನ ಅದೇ ಮಾತು ತಲೆಯಲ್ಲಿ ಕೊರೆಯುತ್ತಿದೆ. ಸುಳ್ಳೇನೂ ಹೇಳಲಿಲ್ಲವಲ್ಲ ಅವರು, ಮತ್ತೆ ಏಕೆ ಕೊರೆಯಬೇಕು?

ಜುಲೈ 14, ಭಾನುವಾರ

ಮಾಮಿಯದು ಹೊಸ ವರಾತ. "ದೇವರು ಹರಸಿದ ಬರ್ಕತ್ತಿನ ಎಲೆ. ಅರ್ಧ ಮರಿಗಳಿಗೆ ಕೊಟ್ಟು ಅರ್ಧಕ್ಕೆ ಕೊಡದೆ ಇರುದು ಯಾವ ನ್ಯಾಯ? ಈ ಮನೆಯಲ್ಲಿ ತುಪ್ಪ ಹಾಕಿ ನೆಯ್ಚೋರು ಮಾಡಿದ್ರೆ ಪರಿಮಳ ಹೋದಲ್ಲಿಗೆಲ್ಲ ಒಂದು ಪಾತ್ರೆ ಹೋಗ್ತದೆ. ಹಲಗೆಯ ಆಚೆ ಇರುವ ಮರಿಗಳಿಗೆ ಮೂಗಿಲ್ವಾ?"

"ಅದು ಪರೀಕ್ಷೆ ಮಾಮಿ."

"ಮಾಡುವವನು ಪಡಚ್ಚೋನು. ನೀವು ಯಾರು ಪರೀಕ್ಷೆ ಮಾಡ್ಲಿಕ್ಕೆ?"

ಸೃಷ್ಟಿಸಿದ ದೇವರ ಹೆಸರು ಬಂದ ಮೇಲೆ ಇನ್ನು ವಾದವಿಲ್ಲ. ಅಕ್ಕಿ ಆರಿಸಲು ಎದ್ದೆ.

ಜುಲೈ 24, ಬುಧವಾರ

ಎಡಗಡೆಯ ಗೂಡಿಗೆ ರಕ್ತಭೇದಿ ಬಂದಿದೆ.

ಬೆಳಿಗ್ಗೆ ಬಾಗಿಲು ತೆಗೆಯುವಾಗಲೇ ಗೊತ್ತಾಯಿತು. ಕಾಲ ಸದ್ದಿಗೆ ಓಡಿ ಬರುವ ಮರಿಗಳು ಮೂಲೆಯಲ್ಲಿ ರೆಕ್ಕೆ ಇಳಿಬಿಟ್ಟು ಕಣ್ಣು ಮುಚ್ಚಿ ನಿಂತಿದ್ದವು. ಹಾಸಿದ ಮರದ ಹುಡಿಯ ಮೇಲೆ ಕೆಂಪು ಕಲೆ. ಬಲಗಡೆ ಒಂದೆರಡು ಸಪ್ಪಗಿದ್ದವು, ಉಳಿದವು ಕೆದಕುತ್ತಿದ್ದವು. ಇವರನ್ನು ಕೂಗಿದೆ. ಬಂದರು, ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಆಗ ಅವರ ಮುಖದಲ್ಲಿ ಕಂಡದ್ದು ಖುಷಿ. ಕೂಡಲೇ ಅಡಗಿಸಿದರು, ಆದರೆ ನನಗೆ ಕಂಡಾಗಿತ್ತು.

"ಡಾಕ್ಟರ ಹತ್ರ ಹೋಗುವ" ಎಂದೆ.

"ಸ್ವಲ್ಪ ತಡಿ."

"ಸಾಯ್ತವೆ."

"ಗೊತ್ತುಂಟು ಮಿಸ್ರಿ. ಆದ್ರೂ ತಡಿ."

ಇವರ ಎಲೆ ಗೆಲ್ಲಬೇಕಾದರೆ ನನ್ನ ಮರಿಗಳು ಸಾಯಬೇಕು. ಇಷ್ಟು ಸರಳವಾದ ವಿಷಯ ನನಗೆ ಮೊದಲೇ ಹೊಳೆಯದೆ ಹೋಯಿತಲ್ಲ. ಕುತ್ತಿಗೆಯ ಮೇಲೆ ಬಿಳಿ ಮಚ್ಚೆಯಿದ್ದ ಒಂದು ಮರಿ ನನ್ನ ಅಂಗೈಯಲ್ಲೇ ತಲೆ ವಾಲಿಸಿತು. ಈ ಗಂಡಸನ್ನು ನಾನು ಯಾವತ್ತೂ ಕ್ಷಮಿಸುವುದಿಲ್ಲ. ಹೋಗಲಿ ಸೌದಿಗೆ, ಅಲ್ಲೇ ಇರಲಿ.

ಜುಲೈ 26, ಶುಕ್ರವಾರ

ಇವರು ಜುಮಾ ನಮಾಜಿಗೆ ಪಳ್ಳಿಗೆ ಹೋದ ಹೊತ್ತಿನಲ್ಲಿ ಎಡಗಡೆಯ ಗೂಡಿಗೂ ಎಲೆ ಹಾಕಿದೆ.

ಮದ್ದೇ ತರಬೇಕೆಂದಿದ್ದೆ. ಕುಂಬ್ರದ ಮದ್ದಿನಂಗಡಿಯವನು ಇವರ ಜತೆ ಓದಿದವನು, ಸಂಜೆಯೊಳಗೆ ಹೇಳಿಬಿಡುತ್ತಾನೆ. ಡಾಕ್ಟರ್ ಸುಪ್ರಿತಾರ ಹತ್ತಿರ ಇವರ ಫೋನ್ ನಂಬರಿದೆ. ಕೈಗೆ ಸಿಗುವಂಥದ್ದು ಈ ಎಲೆ ಒಂದೇ. ಅದರಲ್ಲಿ ನನಗೆ ಎಳ್ಳಷ್ಟೂ ನಂಬಿಕೆಯಿಲ್ಲ. ಆದರೆ ಸುಮ್ಮನೆ ನಿಂತು ನೋಡಲು ನಾನು ಅಸ್ಕರ್ ಅಲ್ಲ. ಎಲೆ ಕುದಿಸಿ ತಣಿಸಿ ನೀರಿನ ಪಾತ್ರೆಗೆ ಸುರಿದೆ, ನುಚ್ಚಕ್ಕಿ ತೌಡಿಗೆ ಹುಡಿ ಬೆರೆಸಿದೆ. ಒದ್ದೆ ಹಾಸು ಗುಡಿಸಿ ತೆಗೆದು ಹೊಸ ಮರದ ಹುಡಿ ಹರಡಿದೆ. ಕುಡಿಯದ ಮರಿಗಳ ಕೊಕ್ಕು ಬಿಡಿಸಿ ಹನಿಹನಿಯಾಗಿ ಬಿಟ್ಟೆ.

ಮಾಮಿ ಬಂದು ನೋಡಿದರು. ನೀರಿನ ಪಾತ್ರೆಯ ಮೇಲೆ ಏನೋ ಓದಿ ಊದಿದರು. "ಈಗ ಸರಿಯಾಯ್ತು" ಎಂದರು. ಅವರಿಗೆ ನ್ಯಾಯ ಸಿಕ್ಕಿತು.

ಜುಲೈ 31, ಬುಧವಾರ

ಹೊಸದಾಗಿ ಯಾವುದೂ ಸಾಯಲಿಲ್ಲ. ಎಡಗಡೆಯವು ಕೆದಕಲು ಶುರು ಮಾಡಿವೆ. ಮಳೆ ಬಿಟ್ಟು ಬಿಸಿಲು ಬಂದದ್ದಕ್ಕೆ ಇರಬೇಕು. ಹಾಸು ಬದಲಾಯಿಸಿದ್ದಕ್ಕೂ ಇರಬೇಕು. ಎಲೆಯಿಂದ ಅಂತ ನಾನಂತೂ ಹೇಳುವುದಿಲ್ಲ.

ಬೆಳಿಗ್ಗೆ ಅವರು ಪಳ್ಳಿಗೆ ಹೋದ ಹೊತ್ತಿನಲ್ಲಿ ದಿನಾ ಹಾಕುತ್ತಿದ್ದೇನೆ. ಗೂಡಿನೊಳಗೆ ಕೈ ಹಾಕುವುದಿಲ್ಲವೆಂದು ಅವರೇ ಮಾಡಿಕೊಂಡ ನಿಯಮ, ಆದ್ದರಿಂದ ಸಿಕ್ಕಿಬೀಳುವ ಭಯವಿಲ್ಲ.

ಆಗಸ್ಟ್ 4, ಭಾನುವಾರ

ಇವತ್ತು ಅಸ್ಕರ್ ಎಡಗಡೆಯ ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು. ಅವರ ಲೆಕ್ಕದಲ್ಲಿ ಎಲೆಯಿಲ್ಲದೆಯೇ ಗುಣವಾದ ಮರಿಗಳು! ಬೈಯುತ್ತಾರೆ ಎಂದುಕೊಂಡು ನಾನೂ ಬಾಯಿ ಹರಿತ ಮಾಡಿಕೊಂಡು ನಿಂತಿದ್ದೆ.

"ಬದುಕಿದವು. ಒಳ್ಳೆದಾಯ್ತು" ಎಂದರು. ಆಮೇಲೆ ನನ್ನ ಕಡೆ ನೋಡದೆ, "ಅವತ್ತು ಇವು ತೂಗಡಿಸುದು ನೋಡಿ ನನಗೆ ಒಂದು ಗಳಿಗೆ ಖುಷಿ ಆಯ್ತು ಮಿಸ್ರಿ. ಆ ಬಿಳಿ ಮಚ್ಚೆಯದ್ದು ಸತ್ತ ಮೇಲೆ ನಂಗೆ ನನ್ನ ಮೇಲೆಯೇ ಹೇಸಿಗೆ ಆಯ್ತು. ಮದ್ದು ತರ್ಲಿಕ್ಕೆ ಹೋದ ಸೋಮವಾರ ಪುತ್ತೂರಿಗೆ ಹೊರಟದ್ದು. ಚಪ್ಪಲಿ ಹಾಕುವಾಗ ನೋಡ್ತೇನೆ, ಇವು ಓಡಾಡ್ತಾ ಉಂಟು!" ಎಂದರು.

"ಚಾಯ ಆಗಿದೆ, ಬನ್ನಿ" ಎಂದೆ.

ಆಗಸ್ಟ್ 11, ಭಾನುವಾರ

ಮಾಮಿಗೆ ಮಂಡಿನೋವು. ಅಸ್ಕರ್ ಅವರನ್ನು ಆಟೋದಲ್ಲಿ ಕೂರಿಸಿಕೊಂಡು ಪುತ್ತೂರಿಗೆ ಹೋಗಿ ತೋರಿಸಿ ಬಂದರು. ಇಷ್ಟು ವರ್ಷ ಆ ಕೆಲಸ ನನ್ನದಾಗಿತ್ತು. ಮನೆಯಲ್ಲಿ ಒಬ್ಬಳೇ ಕೂತು ಏನು ಮಾಡಬೇಕೆಂದು ತೋಚದೆ ಎರಡು ಸಲ ಅಂಗಳ ಗುಡಿಸಿದೆ.

ಬಂದವರು ತಾವೇ ಮೀನುಸಾರು ಮಾಡುತ್ತೇನೆಂದು ಅಡುಗೆಕೋಣೆಗೆ ನುಗ್ಗಿದರು. ಬಂಗುಡೆಗೆ ಟೊಮೆಟೊ ಸುರಿದು ಅರಬ್ಬಿ ಮಾಡಿ ಬಿಟ್ಟರು. ಬಾಯಿಗಿಡುವ ಹಾಗಿರಲಿಲ್ಲ. ನಾವು ಮೂವರೂ ಉಂಡೆವು, ಪಾತ್ರೆಯಲ್ಲಿ ಏನೂ ಉಳಿಯಲಿಲ್ಲ. ಉಣ್ಣುವಾಗ ಕ್ಯಾಂಪಿನ ಹಿಂದಿನ ಕೋಳಿಗಳ ಮಾತು ಬಂತು. ಕಥೆಯ ಈ ಭಾಗ ನಾನು ಕೇಳಿರಲಿಲ್ಲ. ಈಜಿಪ್ಟಿನವರು ಊರಿಗೆ ಹೋದ ಮೇಲೆ ಅವನ್ನು ನೋಡಿಕೊಂಡವರು ಇವರೇ ಅಂತೆ. ಒಂದು ಕೆಂಪು ಹೇಂಟೆಗೆ ನನ್ನ ಹೆಸರಿಟ್ಟಿದ್ದರಂತೆ.

"ಕೋಳಿಗಾ?"

"ಅದು ಹತ್ರ ಹೋದ್ರೆ ಕುಟ್ಟುತ್ತಿತ್ತು."

ಮಾಮಿಗೆ ನಕ್ಕು ನಕ್ಕು ಕೆಮ್ಮು ಬಂತು. ರಜೆ ಮುಗಿಸಿ ಮರಳಿದಾಗಲೆಲ್ಲ ಆ ಕೋಳಿಗಳ ಹತ್ತಿರ ಊರಿನ ಸುದ್ದಿ ಹೇಳುತ್ತಿದ್ದರಂತೆ, ಬ್ಯಾರಿಯಲ್ಲಿ. ಇಲ್ಲಿ ನಾನು ನನ್ನ ಕೋಳಿಗಳಿಗೆ ಹೇಳುತ್ತಿದ್ದೆ, ಅಲ್ಲಿ ಅವರು ಅವರವಕ್ಕೆ ಹೇಳುತ್ತಿದ್ದರು. ಫೋನಿನಲ್ಲಿ ಮಾತ್ರ ನಾವು "ಊಟ ಆಯ್ತಾ, ಆಯ್ತು" ಎಂದು ಇಟ್ಟುಬಿಡುತ್ತಿದ್ದೆವು.

ಎಡಗಡೆಯ ಗೂಡಿನ ವಿಷಯ ಹೇಳಿಬಿಡಬೇಕು. ನಾಳೆ ಹೇಳುತ್ತೇನೆ.

ಆಗಸ್ಟ್ 18, ಭಾನುವಾರ

ಹೇಳಲು ಹೋದೆ. "ನಿಮ್ಮ ಹತ್ರ ಒಂದು ಮಾತುಂಟು" ಎನ್ನುವಷ್ಟರಲ್ಲಿ ಐಸಮ್ಮ ಮೊಸರು ಕೇಳಿಕೊಂಡು ಬಂದಳು. ಅವಳು ಹೋಗುವಷ್ಟರಲ್ಲಿ ನನ್ನ ಧೈರ್ಯವೂ ಅವಳ ಹಿಂದೆಯೇ ಹೋಗಿತ್ತು. ಪರೀಕ್ಷೆ ಹಾಳಾಯಿತೆಂದು ಗೊತ್ತಾದರೆ ಅವರು ನನ್ನನ್ನು ನೋಡುವ ನೋಟ ಹೇಗಿರಬಹುದು? ಈಗಷ್ಟೇ ಒಂದು ನೋಟ ಅಭ್ಯಾಸವಾಗುತ್ತಿದೆ.

ನೀರಿನ ಪಾತ್ರೆ ಈಗಿರುವ ಜಾಗವೇ ಸರಿ. ಬಗ್ಗಬೇಕಾಗಿಲ್ಲ.

ಆಗಸ್ಟ್ 25, ಭಾನುವಾರ

ದೇರಣ್ಣ ಗೌಡರು ಬಂದರು.

ಬಲಗಡೆಯಿಂದ ಒಂದು, ಎಡಗಡೆಯಿಂದ ಒಂದು, ಹೀಗೆ ಹಿಡಿದು ಹಿಡಿದು ನೋಡಿದರು. ಕೈಯಲ್ಲಿ ತೂಗಿದರು. ಜುಟ್ಟಿನ ಬಣ್ಣ, ಕಾಲು, ಕಣ್ಣು ನೋಡಿದರು. ಎದೆಯ ಪುಕ್ಕ ಊದಿ ಚರ್ಮ ನೋಡಿದರು. ಅಸ್ಕರ್ ಗೌಡರ ಕೈಯನ್ನೇ ನೋಡುತ್ತಿದ್ದರು. ನಾನು ತೌಡಿನ ಪಾತ್ರೆ ಹಿಡಿದು ಹಿಂದೆ ನಿಂತಿದ್ದೆ.

"ಎರಡೂ ಒಳ್ಳೆ ಮರಿಗಳೇ ಅಸ್ಕರ್. ಆದ್ರೆ ಎರಡೂ ಒಂದೇ."

"ಹೌದು ಗೌಡ್ರೆ."

"ನಡುವಲ್ಲಿ ಒಮ್ಮೆ ರೋಗವೂ ಬಂದಿತ್ತು ಅಂದ್ರಿ. ಎಲೆ ಹಾಕದ್ದೂ ಎದ್ದು ನಿಂತವು ಅಂದ್ರಿ. ನೀವು ಮುಚ್ಚಿಡದೆ ಹೇಳಿದ್ರಿ, ಅದಕ್ಕೆ ನಾನೂ ಮುಚ್ಚಿಡುದಿಲ್ಲ. ಎಲೆಯಿಂದ ಎಂತದ್ದೂ ಆಗ್ಲಿಲ್ಲ. ಇದು ಅಕ್ಕನ ಕೈಗುಣ ಅಷ್ಟೆ."

"ಹೌದು" ಎಂದರು ಅಸ್ಕರ್ ಇನ್ನೊಮ್ಮೆ. ಗೌಡರಿಗೆ ಚಾಯ ಕೊಟ್ಟರು, ರಸ್ತೆಯವರೆಗೆ ಹೋಗಿ ಜೀಪು ಹತ್ತಿಸಿ ಬಂದರು.

ನನ್ನ ಬಾಯಿಗೇನಾಗಿತ್ತು? ಒಂದೇ ಮಾತು ಸಾಕಿತ್ತು. ಹೊರಗಿನವರ ಮುಂದೆ ಹೇಳಿದರೆ ಹೆಂಡತಿಯೇ ಮೋಸ ಮಾಡಿದಳೆಂದು ಅವರ ಮಾನ ಹೋಗುತ್ತದೆ, ಒಳಗೆ ಹೇಳಿದರಾಯಿತು ಎಂದುಕೊಂಡೆ. ಒಳಗೆ ಬಂದ ಮೇಲೆ ಅವರು ಗೋಡೆಗೆ ಮುಖ ಮಾಡಿ ಮಲಗಿದ್ದರು. ಎಬ್ಬಿಸಲು ಮನಸ್ಸಾಗಲಿಲ್ಲ. ನನಗೆ ನೆಪಗಳಿಗೆ ಯಾವತ್ತೂ ಬರವಿರಲಿಲ್ಲ.

ಆಗಸ್ಟ್ 27, ಮಂಗಳವಾರ

ಮುದೀರನಿಗೆ ಫೋನ್ ಮಾಡಿದರು. ಹೇಳಲಿಲ್ಲ.

ಆಗಸ್ಟ್ 29, ಗುರುವಾರ

ಟಿಕೆಟ್ ಆಯಿತು. ಹೇಳಲಿಲ್ಲ.

ಸಪ್ಟೆಂಬರ್ 1, ಭಾನುವಾರ

ಹೇಳಿದೆ.

ಕೊಟ್ಟಿಗೆಯಲ್ಲಿ ಎಲೆಯ ಪೆಟ್ಟಿಗೆಗೆ ಹಗ್ಗ ಕಟ್ಟುತ್ತಿದ್ದರು. "ಇದನ್ನು ತೆಂಗಿನ ಬುಡಕ್ಕೆ ಹಾಕಿಬಿಡು, ಗೊಬ್ಬರವಾದ್ರೂ ಆಗ್ಲಿ" ಎಂದರು.

"ಎಡಗಡೆಯ ಗೂಡಿಗೂ ನಾನು ಎಲೆ ಹಾಕಿದ್ದೆ."

ಹಗ್ಗ ಬಿಗಿಯುವ ಕೈ ನಿಂತಿತು.

"ರೋಗ ಬಂದದ್ದರ ಮರುದಿನವಲ್ಲ, ಅದರ ಮರುದಿನದಿಂದ. ಕುದಿಸಿ ಕುಡಿಸಿದೆ. ಹುಡಿಯೂ ಹಾಕಿದೆ. ದಿನಾ. ನೀವು ಪಳ್ಳಿಗೆ ಹೋದಾಗ. ಅದಕ್ಕೇ ಎರಡೂ ಒಂದೇ ಹಾಗೆ ಆದದ್ದು. ನಿಮ್ಮ ಎಲೆ ಕೆಲಸ ಮಾಡಿದೆ. ಗೌಡ್ರಿಗೆ ಫೋನ್ ಮಾಡಿ. ಇನ್ನೊಮ್ಮೆ ಎರಡು ಗೂಡು ಮಾಡುವ. ಹೋಗ್ಬೇಡಿ."

ಬೈಯುತ್ತಾರೆ, ಕೈಯೆತ್ತಿದರೂ ಎತ್ತಲಿ ಎಂದು ನಿಂತಿದ್ದೆ. ಅಸ್ಕರ್ ನನ್ನ ಮುಖವನ್ನು ನೋಡಿದರು. ಅವರ ಕಣ್ಣು ತುಂಬಿತು. ಆಮೇಲೆ ನಕ್ಕರು.

"ಇಷ್ಟು ವರ್ಷದಲ್ಲಿ ನೀನು ಒಂದು ಸಲವೂ ಹೋಗ್ಬೇಡಿ ಅಂತ ಹೇಳಿದವಳಲ್ಲ."

"ನಾನು ಹೇಳುದು ಸತ್ಯ."

"ಗೊತ್ತಾಯ್ತು ಮಾರಾಯ್ತಿ."

"ಪೆಟ್ಟಿಗೆ ನೋಡಿ. ಎಷ್ಟು ಖಾಲಿಯಾಗಿದೆ!"

"ಮಳೆಯ ತೇವಕ್ಕೆ ಹಾಳಾದದ್ದನ್ನು ನೀನು ಬಿಸಾಡಿರ್ತಿ. ನೀನು ಹಾಳಾದದ್ದು ಇಟ್ಟುಕೊಳ್ಳುವವಳಾ?"

ಮಾಮಿಯನ್ನು ಕರೆದೆ. ಮಾಮಿ ಬಂದು, ಹೌದು, ಹಾಕಿದ್ದಳು, ನಾನೇ ಓದಿ ಊದಿದೆ ಎಂದು ಆಣೆ ಹಾಕಿದರು. ಅಸ್ಕರ್ ಇನ್ನೂ ಜೋರಾಗಿ ನಕ್ಕರು.

"ಉಮ್ಮನನ್ನೂ ಸೇರಿಸಿಕೊಂಡ್ಯಾ? ಉಮ್ಮ ನಾನು ಹೋಗುದು ತಪ್ಪುದಾದ್ರೆ ಚಂದ್ರ ಹಸಿರು ಅಂತಲೂ ಆಣೆ ಹಾಕ್ಯಾರು." ಆಮೇಲೆ ನಗು ನಿಲ್ಲಿಸಿ, ಸಣ್ಣ ದನಿಯಲ್ಲಿ ಹೇಳಿದರು: "ಎಲೆಯ ಮೇಲೂ ಪ್ರೀತಿ ಇಲ್ಲ, ನನ್ನ ಮೇಲೂ ಇಲ್ಲ ಅಂತ ಹೇಳಿದ್ದೆನಲ್ಲ ನಿನಗೆ. ತಪ್ಪಾಯ್ತು. ನನ್ನನ್ನು ನಿಲ್ಲಿಸ್ಲಿಕ್ಕೆ ನೀನು ಇಷ್ಟು ದೊಡ್ಡ ಸುಳ್ಳು ಹೇಳ್ತಿಯಲ್ಲ, ಅದು ಸಾಕು ನಂಗೆ. ಎರಡು ವರ್ಷಕ್ಕೆ ಸಾಕು."

ನಾನು ಅತ್ತೆ. ಅದು ಅವರಿಗೆ ಇನ್ನಷ್ಟು ಸಾಕ್ಷಿಯಾಯಿತು.

ಸಪ್ಟೆಂಬರ್ 8, ಭಾನುವಾರ

ಹೋದರು. ಪ್ರತಿಸಲ ಮುಖ ಗಂಟುಹಾಕಿಕೊಂಡು ಹೊರಡುವವರು ಈ ಸಲ ಕಾರಿನ ಕಿಟಕಿಯಿಂದ ಕೈ ಹೊರಗೆ ಹಾಕಿ ಬೀಸಿದರು. ಅಷ್ಟು ಖುಷಿಯಿಂದ ಅವರು ಹೋದದ್ದನ್ನು ನಾನು ನೋಡಿಲ್ಲ. ಐಸಮ್ಮ ಬೇಲಿಯ ಆಚೆಯಿಂದ "ಈ ಸಲ ಗಂಡ ಹೆಂಡ್ತಿ ಭಾರೀ ಸಂಗಾತ ಅಲ್ವಾ" ಎಂದಳು. ಕೈಯಲ್ಲಿದ್ದ ಪೊರಕೆಯನ್ನು ಅವಳ ಕಡೆ ಎಸೆಯಬೇಕೆನಿಸಿತು.

ಸಪ್ಟೆಂಬರ್ 22, ಭಾನುವಾರ

ಎಲೆಯನ್ನು ತೆಂಗಿನ ಬುಡಕ್ಕೆ ಹಾಕಲಿಲ್ಲ. ಡಬ್ಬಿಗಳಲ್ಲಿ ತುಂಬಿಸಿ ಒಲೆಯ ಮೇಲಿನ ಅಟ್ಟದಲ್ಲಿಟ್ಟಿದ್ದೇನೆ.

ಹೊಸ ಮರಿಗಳು ಎದ್ದಿವೆ. ಕಣ್ಣು ಮುಚ್ಚಿಕೊಂಡು ಎತ್ತಿ ಎರಡು ಗೂಡಿಗೂ ಹಂಚಿದೆ. ಬಲಗಡೆಗೆ ಎಲೆ, ಎಡಗಡೆಗೆ ಇಲ್ಲ. ಹಿಂಗಾರು ಮಳೆಗೆ ಹಾಸು ಒದ್ದೆಯಾಗದೆ ಇರುವುದಿಲ್ಲ. ಈ ಸಲ ಮೊದಲಿನಿಂದ ಕೊನೆಯವರೆಗೆ ಮೊಬೈಲಿನಲ್ಲಿ ವಿಡಿಯೋ ಹಿಡಿದು ಅಸ್ಕರಿಗೆ ಕಳಿಸುತ್ತೇನೆ. ಕಣ್ಣಾರೆ ನೋಡಿದರೆ ನಂಬದೆ ಎಲ್ಲಿಗೆ ಹೋಗುತ್ತಾರೆ? ಆಗ ಮುದೀರನಿಗೆ ಸಲಾಂ ಹೊಡೆದು ಬರಲಿ.

ಅಕ್ಟೋಬರ್ 17, ಗುರುವಾರ

ಎಡಗಡೆಯ ಗೂಡಿಗೆ ರಕ್ತಭೇದಿ ಬಂತು. ಬಲಗಡೆಯೂ ಕೆಲವು ತೂಗಡಿಸಿದವು, ಆದರೆ ತಿನ್ನುವುದು ಬಿಡಲಿಲ್ಲ.

ಮಾಮಿ ಎಲೆಯ ಡಬ್ಬಿ ಹಿಡಿದುಕೊಂಡು ಬಂದರು. "ಹಾಕು" ಎಂದರು. ನಾನು ಎಡಗಡೆಯ ಬಾಗಿಲಿಗೆ ಬೀಗ ಹಾಕಿ ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿದೆ.

"ನಿನಗೆ ಎದೆ ಇಲ್ವಾ ಮಿಸ್ರಿಯಾ?"

"ತಡೀರಿ ಮಾಮಿ."

ಅಕ್ಟೋಬರ್ 20, ಭಾನುವಾರ

ಎಡಗಡೆ ಹೆಚ್ಚಿನವು ಹೋದವು. ವಿಡಿಯೋ ಹಿಡಿದೆ. ಒಂದು ಮರಿ ಹಲಗೆಯ ಸಂದಿಯಲ್ಲಿ ಕೊಕ್ಕು ಇಟ್ಟು ಆಚೆಯ ಗೂಡನ್ನು ನೋಡುತ್ತಲೇ ನಿಂತಿತ್ತು. ಅದನ್ನೂ ಹಿಡಿದೆ. ಮಾಮಿ ನನ್ನ ಹತ್ತಿರ ಮಾತು ಬಿಟ್ಟಿದ್ದಾರೆ. ಬಿಡಲಿ. ಹೊಂಡ ತೋಡಿ ಸುಣ್ಣ ಹಾಕಿ ಮುಚ್ಚಿದೆ.

ಎಲೆಯಿಂದ ಆಗುತ್ತದೆ ಎಂದು ಈಗ ನನಗೆ ಗೊತ್ತು. ಊರವರು ಏನು ಬೇಕಾದರೂ ಹೇಳಲಿ, ಡಾಕ್ಟರು ಇನ್ನೂ ಹತ್ತು ಸಲ ನೋಡಬೇಕು ಎನ್ನಲಿ. ನನ್ನ ಎರಡು ಗೂಡುಗಳಲ್ಲಿ ಅಸ್ಕರ್ ಹೇಳಿದ್ದೇ ಆಗಿದೆ.

ನವೆಂಬರ್ 3, ಭಾನುವಾರ

ವಿಡಿಯೋಗಳನ್ನು ಇನ್ನೂ ಕಳಿಸಿರಲಿಲ್ಲ. ರಜೆಯ ದಿನ ಸಮಾಧಾನದಲ್ಲಿ ನೋಡಲಿ ಎಂದು ಕಾದೆ. ಹೋದ ಶುಕ್ರವಾರವೇ ಕಳಿಸಬೇಕಾಗಿತ್ತು, ಅವರಿಗೆ ಜ್ವರವಿತ್ತು.

ಇವತ್ತು ಅವರೇ ವಿಡಿಯೋ ಕಾಲ್ ಮಾಡಿದರು. ಬಿಸಿಲಿಗೆ ಮುಖ ಕರಟಿದೆ. ಕೊಯ್ಲಿನ ಕೆಲಸಕ್ಕೆ ಬೆರಳ ಸಂದಿಯೆಲ್ಲ ಒಡೆದಿದೆ, ತೋರಿಸಿದರು. ಕಾಗದಕ್ಕೆ ಸಹಿ ಹಾಕಿಯಾಗಿದೆ, ಎರಡು ವರ್ಷದ ಮೊದಲು ಬಿಡುವ ಹಾಗಿಲ್ಲವಂತೆ, ಪಾಸ್‌ಪೋರ್ಟನ್ನು ತೋಟದ ಆಫೀಸಿನಲ್ಲಿ ಇಟ್ಟುಕೊಂಡಿದ್ದಾರಂತೆ. ಕೋಣೆಯಲ್ಲಿ ಇರುವವರಿಗೆಲ್ಲ ನನ್ನ ಸುಳ್ಳಿನ ಕಥೆ ಹೇಳಿದ್ದಾರಂತೆ. "ಇವರಿಗೆಲ್ಲ ಹೊಟ್ಟೆಕಿಚ್ಚು. ನಮ್ಮ ಹೆಂಡ್ತಿಯರು ಹೀಗೆ ಒಂದು ಸುಳ್ಳೂ ಹೇಳುದಿಲ್ಲ ಅಂತ." ಹಿಂದಿನಿಂದ ಯಾರೋ ಮಲಯಾಳದಲ್ಲಿ ಏನೋ ಕೂಗಿದರು, ಎಲ್ಲರೂ ನಕ್ಕರು. ಅಸ್ಕರಿಗೆ ನಾಚಿಕೆಯಾಯಿತು. ಐವತ್ತು ಹತ್ತಿರವಾದ ಗಂಡಸು, ಕಿವಿ ಕೆಂಪಾಗಿದ್ದು ಫೋನಿನಲ್ಲೂ ಕಂಡಿತು.

"ಮರಿಗಳನ್ನು ತೋರ್ಸು" ಎಂದರು.

ಕೊಟ್ಟಿಗೆಗೆ ಹೋದೆ. ಎಡಗಡೆಯ ಗೂಡಿಗೆ ಬೆನ್ನು ಹಾಕಿ ನಿಂತು ಬಲಗಡೆಯದನ್ನು ತೋರಿಸಿದೆ. ಎಲೆ ತಿಂದು ಮಿರಿಮಿರಿ ಮಿಂಚುವ ಮರಿಗಳು, ಜುಟ್ಟು ಮೂಡುತ್ತಿದೆ, ಒಂದರ ಮೇಲೊಂದು ಬಿದ್ದು ಓಡುತ್ತಿದ್ದವು. ಅವರು ಫೋನಿಗೆ ಮುಖ ಹತ್ತಿರ ತಂದು ನೋಡಿದರು.

"ನೋಡು ಮಿಸ್ರಿ. ಎಲೆಯೂ ಇಲ್ಲ, ಎಂತದ್ದೂ ಇಲ್ಲ. ಎಷ್ಟು ಚೆಂದ ಬೆಳೆದಿವೆ. ನನಗೆ ಸುಮ್ಮನೆ ಮರುಳು."

"ಹೌದು" ಎಂದೆ.